ಒಂದು ಈಡಿನ ಲೆಕ್ಕ

ಮೆಣಸಗಿಯಿಂದ ರೋಣದ ಕಡೆಗೆ ಹೋಗಲಿ, ನರಗುಂದದ ಕಡೆಗೆ ಹೋಗಲಿ, ದಾರಿಯ ಎರಡೂ ಬದಿಗೆ ಎರೆ ಹೊಲ. ಗಜೇಂದ್ರಗಡದ ಗುಡ್ಡಗಳು ಶುರುವಾಗುವ ತನಕ ನೆಲ ಅಂಗೈಯಷ್ಟು ಸಪಾಟು. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಮತ್ತು ಬಿಳಿಜೋಳ. ಅಲ್ಲೊಂದು ಬೇವು, ಇಲ್ಲೊಂದು ಬನ್ನಿ ಬಿಟ್ಟರೆ ಮರೆ ಎಂಬುದೇ ಇಲ್ಲ. ಈ ಬಯಲಿನ ಹಳೆಯ ವಾಸಿ ಚಿಗರಿ. ಪುಸ್ತಕದ ಕನ್ನಡದಲ್ಲಿ ಕೃಷ್ಣಮೃಗ. ಅದರ ಕಣ್ಣು ಚುರುಕು, ಓಟ ಇನ್ನೂ ಚುರುಕು: ಬೆದರಿದರೆ ಗಂಟೆಗೆ 80 ಕಿ.ಮೀ. ವೇಗ ಮುಟ್ಟಬಲ್ಲದು.

ಇಂಥ ಬಯಲಿನಲ್ಲಿ ಇಂಥ ಪ್ರಾಣಿಯ ಬೆನ್ನು ಹತ್ತಿದವನ ಕೈಯಲ್ಲಿ ನೂರೈವತ್ತು–ಇನ್ನೂರು ವರ್ಷದ ಹಿಂದೆ ಕೋವಿ ಇದ್ದರೆ ಅದು ಬಾಯಿಂದ ಮದ್ದು ತುಂಬುವ ಕೋವಿ. ಐವತ್ತು–ಅರವತ್ತು ಹೆಜ್ಜೆ ದಾಟಿದರೆ ಅದರ ಗುಂಡನ್ನು ನಂಬುವಂತಿರಲಿಲ್ಲ. ಒಂದು ಈಡು ತಪ್ಪಿದರೆ ಮತ್ತೊಂದು ತುಂಬಲು ನುರಿತವನಿಗೂ ಒಂದು ನಿಮಿಷ ಬೇಕು. ಅಷ್ಟರಲ್ಲಿ ಚಿಗರಿ ಒಂದು ಕಿಲೋಮೀಟರ್ ಆಚೆ. ಈ ಸೀಮೆಯಲ್ಲಿ ಚಿಗರಿ ಬೇಟೆಗಾರರೆಂದೇ ಹೆಸರಾಗಿದ್ದ ಹರಣಶಿಕಾರಿಗಳು ಕೋವಿಯ ಗೋಜಿಗೆ ಹೋಗದೆ ಉರುಲನ್ನು ನೆಚ್ಚಿಕೊಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಆ ಕಾಲದ ಬಿಳಿಯ ಶಿಕಾರಿಗಳದ್ದೂ ಹೆಚ್ಚುಕಡಿಮೆ ಇದೇ ಪಾಡು. ಅವರ ಕೋವಿಗಳೂ ಬಾಯಿಂದ ತುಂಬುವಂಥವೇ.

ಬೇಟೆಯ ಕತೆಗಳಲ್ಲಿ ಗುರಿಯ ಬಣ್ಣನೆ ಬಹಳ. ಗುರಿಗೆ ಮೊದಲು ಆಗುತ್ತಿದ್ದ ಕೆಲಸದ ಮಾತು ಕಡಿಮೆ. ಬಿಡಿ ಮದ್ದನ್ನು ಒದ್ದೆಯಾಗದಂತೆ, ಕಿಡಿ ತಾಗದಂತೆ ಹೊತ್ತು ತಂದು, ಪ್ರತಿ ಸಲವೂ ಅಷ್ಟಕ್ಕಷ್ಟೇ ಅಳೆದು ನಳಿಗೆಗೆ ಸುರಿಯುವುದರಲ್ಲೇ ಅರ್ಧ ಬೇಟೆ ಮುಗಿದಿರುತ್ತಿತ್ತು. ಅಳತೆ ಕೆಟ್ಟರೆ ಗುಂಡು ಸೋಲುತ್ತಿತ್ತು, ಇಲ್ಲವೇ ಕೋವಿಯೇ ಸೀಳುತ್ತಿತ್ತು.

ಮಲೆನಾಡಿನಲ್ಲಿ ಕೇಪಿನ ಕೋವಿ ಎಂದು ಕರೆಯುವ ಈ ಬಂದೂಕನ್ನು ತುಂಬುವ ಕ್ರಮ ಹೀಗೆ. ಕೋವಿಯನ್ನು ನೆಟ್ಟಗೆ ನಿಲ್ಲಿಸಿ, ಬಾಯಿ ಮುಖದಿಂದ ದೂರ ಇರುವಂತೆ ಹಿಡಿದು, ಅಳೆದ ಮದ್ದನ್ನು ನಳಿಗೆಗೆ ಸುರಿಯಬೇಕು. ಮೇಲೆ ನಾರನ್ನೋ ಚಿಂದಿ ಬಟ್ಟೆಯನ್ನೋ ತುರುಕಿ ಗಜದಿಂದ ಜಡಿಯಬೇಕು. ಗಜವೆಂದರೆ ನಳಿಗೆಯ ಅಡಿಯಲ್ಲೇ ಸಿಕ್ಕಿಸಿರುವ ಉದ್ದನೆಯ ಕಡ್ಡಿ. ನಂತರ ಚರೆ ಅಥವಾ ಗುಂಡು. ಅದು ಉರುಳಿ ಬರದಂತೆ ಮೇಲೊಂದು ತುರುಕು. ಕೊನೆಗೆ, ಎಲ್ಲಕ್ಕಿಂತ ಕೊನೆಗೆ, ನಳಿಗೆಯ ಬುಡದ ಸಣ್ಣ ತೊಟ್ಟಿನ ಮೇಲೆ ತಾಮ್ರದ ಕೇಪು. ಕುದುರೆ, ಅಂದರೆ ಕೋವಿಯ ಪುಟ್ಟ ಸುತ್ತಿಗೆ, ಬಂದು ಕೇಪಿಗೆ ಬಡಿದಾಗ ಅದರೊಳಗಿನ ಸಿಡಿಮದ್ದು ಕಿಡಿ ಕಾರಿ ಒಳಗಿನ ಮದ್ದಿಗೆ ಬೆಂಕಿ ಹಚ್ಚುತ್ತದೆ.

ಈ ಕೇಪು ಬಂದದ್ದೂ ಬೇಟೆಯ ದೆಸೆಯಿಂದಲೇ. ಅದಕ್ಕೂ ಹಿಂದಿನ ಕೋವಿಗಳಲ್ಲಿ ಉರಿಯುವ ಬತ್ತಿಯೋ ಬೆಣಚುಕಲ್ಲಿನ ಕಿಡಿಯೋ ಹೊರಗೆ ಬಟ್ಟಲಲ್ಲಿಟ್ಟ ಚಿಟಿಕೆ ಮದ್ದಿಗೆ ಮೊದಲು ತಾಗಬೇಕಿತ್ತು. ಆ ಚಿಟಿಕೆಯ ಭಗ್ಗೆನ್ನುವ ಹೊಗೆ ಕಂಡು ಹಕ್ಕಿಗಳು ಗುಂಡು ತಲುಪುವ ಮೊದಲೇ ಹಾರಿಬಿಡುತ್ತಿದ್ದವು. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸಿತ್ ಎಂಬ ಪಾದ್ರಿಗೆ ಹಕ್ಕಿ ಬೇಟೆಯ ಹುಚ್ಚು. ಬಡಿದರೆ ಸಿಡಿಯುವ ರಾಸಾಯನಿಕದಿಂದ ಕೋವಿಗೆ ಬೆಂಕಿ ಕೊಡುವ ಉಪಾಯ ಹೂಡಿ ಆತ 1807ರಲ್ಲಿ ಪೇಟೆಂಟ್ ಪಡೆದ. ಮುಂದಿನ ಎರಡು ದಶಕಗಳಲ್ಲಿ ಅದೇ ಉಪಾಯ ತಾಮ್ರದ ಪುಟ್ಟ ಟೊಪ್ಪಿಗೆಯ ರೂಪ ತಾಳಿತು. ಕೇಪು ಬಂದರೂ ಮದ್ದು ಮಾತ್ರ ಬಿಡಿಯಾಗಿಯೇ ಉಳಿಯಿತು.

ಎಷ್ಟು ಮದ್ದು? ಇಲ್ಲಿ ತೂಕ ಮತ್ತು ಅಳತೆಯ ನಡುವಿನ ಹಳೆಯ ಜಗಳ ಬರುತ್ತದೆ. ಕಾಡಿಗೆ ತಕ್ಕಡಿ ಒಯ್ಯುವವರಿಲ್ಲ. ಕರಿಮದ್ದನ್ನು ಎಲ್ಲ ಕಾಲದಲ್ಲೂ ಅಳತೆಯ ಕೊಳವೆಯಿಂದಲೇ ಹಾಕುತ್ತ ಬಂದಿದ್ದಾರೆ. ಆದರೆ ಅಳತೆಗೆ ಒಂದು ಚಾಳಿಯಿದೆ. ರಾಶಿಯ ಕಣದಲ್ಲಿ ಸೇರಿನಿಂದ ಜೋಳ ಅಳೆಯುವುದನ್ನು ನೋಡಿದವರಿಗೆ ಅದು ಗೊತ್ತು. ಸೇರನ್ನು ತುಸು ಕುಲುಕಿ ಅಳೆದರೆ ಕಾಳು ಹೆಚ್ಚು, ಹಾಗೆಯೇ ಸುರಿದು ಮೇಲೆ ಎಳೆದರೆ ಕಡಿಮೆ. ಮದ್ದೂ ಹಾಗೆಯೇ. ಕೊಳವೆಯನ್ನು ಒಂದು ಸಲ ತಟ್ಟಿ, ಇನ್ನೊಂದು ಸಲ ತಟ್ಟದೆ ತುಂಬಿದರೆ ಎರಡು ಈಡುಗಳು ಒಂದೇ ಆಗಿರುವುದಿಲ್ಲ, ಗುಂಡು ಒಂದೇ ಕಡೆ ಬೀಳುವುದೂ ಇಲ್ಲ. ಹಾಗಾಗಿ ಅನುಭವಸ್ಥರು ಎಷ್ಟು ಅಳೆಯುತ್ತಾರೆ ಎಂಬುದಕ್ಕಿಂತ ಪ್ರತಿ ಸಲ ಒಂದೇ ರೀತಿ ಅಳೆಯುತ್ತಾರೋ ಇಲ್ಲವೋ ಎಂಬುದನ್ನು ಹೆಚ್ಚು ನೋಡುತ್ತಾರೆ: ಕೊಳವೆ ತುಸು ಉಕ್ಕುವಷ್ಟು ತುಂಬು, ಇಷ್ಟೇ ಸಲ ತಟ್ಟು, ಬಾಯಿಯ ಮಟ್ಟಕ್ಕೆ ಸವರು, ಸುರಿ.

ಕಾಳಿನ ಗಾತ್ರವೂ ಲೆಕ್ಕಕ್ಕೆ ಬರುತ್ತದೆ. ಪೆಟ್ಲುಪ್ಪು, ಇದ್ದಿಲು, ಗಂಧಕ ಈ ಮೂರನ್ನೂ ಬರಿದೇ ಹಿಟ್ಟಾಗಿ ಬೆರೆಸಿದ ಹಳೆಯ ಕಾಲದ ಮದ್ದು ಬಂಡಿಯ ಕುಲುಕಿಗೆ ಬೇರೆ ಬೇರೆಯಾಗಿ ಕೂರುತ್ತಿತ್ತು, ಒಮ್ಮೆ ಉರಿದಂತೆ ಇನ್ನೊಮ್ಮೆ ಉರಿಯುತ್ತಿರಲಿಲ್ಲ. ಮುಂದೆ ಅದನ್ನು ನೆನೆಸಿ, ಗಟ್ಟಿ ಮಾಡಿ, ಒಡೆದು ಜರಡಿ ಹಿಡಿದು ಕಾಳು ಮಾಡುವುದು ರೂಢಿಗೆ ಬಂತು. ದಪ್ಪ ಕಾಳು ನಿಧಾನ ಉರಿಯುತ್ತದೆ, ಅದು ತೋಪಿಗೆ. ಸಣ್ಣ ಕಾಳು ಬೇಗ ಉರಿಯುತ್ತದೆ, ಅದು ಪಿಸ್ತೂಲಿಗೆ. ಕೋವಿಯದ್ದು ನಡುವಿನ ಕಾಳು. ಒಂದೇ ಕೊಳವೆ ಅಳತೆಯಲ್ಲಿ ದಪ್ಪದ ಬದಲು ಸಣ್ಣ ಕಾಳು ಹಾಕಿದರೆ ನಳಿಗೆಯೊಳಗಿನ ಒತ್ತಡ ಏರುತ್ತದೆ. ಮದ್ದು ಅರೆಯುವುದು ಎಷ್ಟು ದೊಡ್ಡ ಕೆಲಸವಾಗಿತ್ತು ಎಂಬುದನ್ನು ನೋಡಬೇಕೆನ್ನುವವರು ಚಿತ್ರದುರ್ಗದ ಕೋಟೆಗೆ ಹೋಗಬೇಕು. ಅಲ್ಲಿ ಮದ್ದು ಬೀಸುತ್ತಿದ್ದ ಭಾರಿ ಕಲ್ಲುಗಳು ತಗ್ಗಿನಲ್ಲಿ ಇಂದಿಗೂ ಕುಳಿತಿವೆ.

ಇನ್ನು ಅಂಕಿ. ಕರಿಮದ್ದಿನ ಇಂಗ್ಲಿಷ್ ಅಳತೆ ಗ್ರೇನ್ ಮತ್ತು ಡ್ರಾಮ್. ಒಂದು ಪೌಂಡಿಗೆ 7,000 ಗ್ರೇನ್, ಒಂದು ಔನ್ಸಿಗೆ 16 ಡ್ರಾಮ್; ಒಂದು ಡ್ರಾಮೆಂದರೆ ಸುಮಾರು 1.77 ಗ್ರಾಂ. ನಮ್ಮ ತೊಲೆ ಕಂಪನಿ ಸರಕಾರದ ಕಾಲದಲ್ಲಿ 180 ಗ್ರೇನಿಗೆ ನಿಂತಿತು, ಅಂದರೆ 11.66 ಗ್ರಾಂ. 12 ಬೋರಿನ ಕೋವಿಗೆ ವಾಡಿಕೆಯ ಈಡು 3 ಡ್ರಾಮ್ ಮದ್ದು, ಅಂದರೆ 82 ಗ್ರೇನ್. ಅಕ್ಕಸಾಲಿಗನ ತಕ್ಕಡಿಯಲ್ಲಿಟ್ಟರೆ ಅರ್ಧ ತೊಲೆಗೆ ನಾಲ್ಕೈದು ಗುಲಗಂಜಿ ಕಡಿಮೆ. ಒಂದು ಚಮಚವೂ ಸರಿಯಾಗಿ ತುಂಬದ ಈ ಕರಿ ಕಾಳು ಮೂವತ್ತು ಗ್ರಾಂ ಸೀಸವನ್ನು ಆಳೆತ್ತರದ ಜೋಳದ ಹೊಲದಾಚೆಗೆ ಎಸೆಯುತ್ತದೆ.

ಅಂಕಿ ಗೊತ್ತಿಲ್ಲದ ಬೇಟೆಗಾರನಿಗೂ ತನ್ನದೇ ಲೆಕ್ಕಗಳಿದ್ದವು. ಚರೆ ಹಾಕುವುದಾದರೆ ಮದ್ದು ಅಳೆದ ಕೊಳವೆಯಿಂದಲೇ ಅಷ್ಟೇ ಚರೆ. ಗುಂಡಾದರೆ ಅಂಗೈಯಲ್ಲಿ ಗುಂಡಿಟ್ಟು ಅದು ಮುಚ್ಚುವಷ್ಟು ಮದ್ದು. ನಮ್ಮ ಕಡೆ ಬೆರಳಿನ ಲೆಕ್ಕವೇ ಹೆಚ್ಚು. ಖಾಲಿ ಕೋವಿಗೆ ಗಜ ಇಳಿಸಿದರೆ ಅದು ಬಾಯಿಯ ಮಟ್ಟಕ್ಕೆ ನಿಲ್ಲುತ್ತದೆ. ಈಡು ತುಂಬಿದ ಮೇಲೆ ಎಷ್ಟು ಬೆರಳು ಮೇಲೆ ಉಳಿಯಿತೋ ಅಷ್ಟು ಬೆರಳಿನ ಈಡು. ಒರಟು ಲೆಕ್ಕವೆನಿಸಿದರೂ ಇದಕ್ಕೆ ಒಂದು ಗುಣವಿದೆ: ಕೋವಿ ಈಗಾಗಲೇ ತುಂಬಿದೆಯೇ ಎಂಬುದನ್ನು ಗಜವೇ ಹೇಳಿಬಿಡುತ್ತದೆ. ಗಡಿಬಿಡಿಯಲ್ಲಿ ಒಂದರ ಮೇಲೊಂದು ಎರಡು ಈಡು ತುಂಬುವುದು ಈ ಕೋವಿಗಳ ಹಳೆಯ ಪಿಡುಗು. ಇನ್ನೊಂದು ಪಿಡುಗು, ಗುಂಡು ಮದ್ದಿನ ಮೇಲೆ ಕೂರದೆ ನಳಿಗೆಯ ನಡುವೆಯೇ ಸಿಕ್ಕಿಕೊಂಡು ಮಧ್ಯೆ ಟೊಳ್ಳು ಉಳಿಯುವುದು. ಆ ಸ್ಥಿತಿಯಲ್ಲಿ ಕುದುರೆ ಬಿದ್ದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಗಜದ ಮೇಲೆ ಸರಿಯಾದ ಈಡಿನ ಗುರುತು ಗೀರಿಟ್ಟವನಿಗೆ ಎರಡೂ ಒಂದೇ ನೋಟಕ್ಕೆ ತಿಳಿಯುತ್ತವೆ.

ಹೆಚ್ಚು ಮದ್ದು ಹಾಕಿದರೆ ಗುಂಡು ಹೆಚ್ಚು ದೂರ ಹೋಗುತ್ತದೆ ಎಂಬ ನಂಬಿಕೆ ಸುಲಭಕ್ಕೆ ಸಾಯುವಂಥದ್ದಲ್ಲ. ಒಂದು ಮಿತಿಯಾಚೆಗೆ ಹೆಚ್ಚುವರಿ ಮದ್ದು ನಳಿಗೆಯಲ್ಲಿ ಪೂರ್ತಿ ಉರಿಯುವುದೇ ಇಲ್ಲ. ಸುಡದ ಕಾಳು ಹೊರಗೆ ಹಾರುತ್ತದೆ, ಹೆಗಲಿಗೆ ಒದೆತ ಹೆಚ್ಚುತ್ತದೆ, ಹಳೆಯ ನಳಿಗೆಯ ಜೀವಕ್ಕೆ ಬರುತ್ತದೆ. ಇದಕ್ಕೆ ಹೆಸರಾಂತ ಸಾಕ್ಷಿ ಜಿಮ್ ಕಾರ್ಬೆಟ್‌ನ ಮೊದಲ ಕೋವಿ. ನೈನಿತಾಲಿನಲ್ಲಿ 1875ರಲ್ಲಿ ಹುಟ್ಟಿದ ಕಾರ್ಬೆಟ್‌ಗೆ ಹುಡುಗನಿದ್ದಾಗ ಬಂಧು ಸ್ಟೀಫನ್ ಡೀಸ್ ಜೋಡುನಳಿಗೆಯ ಬಾಯಿಕೋವಿಯೊಂದನ್ನು ಕೊಟ್ಟ. ಅತಿಯಾಗಿ ತುಂಬಿದ ಮದ್ದಿಗೆ ಅದರ ಬಲ ನಳಿಗೆ ಮೊದಲೇ ಸೀಳಿತ್ತು, ಹಿಡಿಯೂ ಮುರಿದಿತ್ತು. ಎರಡನ್ನೂ ಹಿತ್ತಾಳೆ ತಂತಿಯಿಂದ ಬಿಗಿದು ಕಟ್ಟಲಾಗಿತ್ತು. ಕಾರ್ಬೆಟ್ ಅದರ ಎಡ ನಳಿಗೆಯೊಂದರಲ್ಲೇ ಕಾಡು ಕಲಿತ. ‘ಜಂಗಲ್ ಲೋರ್’ ಪುಸ್ತಕದಲ್ಲಿ ಅದನ್ನು ಆತ ಬರೆದುಕೊಂಡದ್ದು ದೂರಿನ ದನಿಯಲ್ಲಲ್ಲ, ಅಕ್ಕರೆಯಿಂದ.

ಅಳೆಯುವ ಮೊದಲು ಹೊತ್ತು ತರಬೇಕಲ್ಲ. ಮದ್ದಿಗೆ ಇಬ್ಬರು ಶತ್ರುಗಳು, ನೀರು ಮತ್ತು ಕಿಡಿ. ಇಬ್ಬರನ್ನೂ ದೂರವಿಡಲು ಜಗತ್ತಿನ ಬಹುಪಾಲು ಬೇಟೆಗಾರರು ನೆಚ್ಚಿದ್ದು ದನದ ಕೊಂಬನ್ನು. ಕೊಂಬು ಹಗುರ, ನೀರು ಕುಡಿಯದು, ತುಕ್ಕು ಹಿಡಿಯದು, ಕಲ್ಲಿಗೆ ತಾಗಿದರೆ ಕಿಡಿ ಹಾರದು. ಅಗಲ ಬಾಯಿಗೆ ಮರದ ಬಿರಡೆ ಕೂರಿಸಿ, ಚೂಪು ತುದಿ ಕೊಯ್ದು ತೂತು ಮಾಡಿ ಸಣ್ಣ ಬಿರಡೆ ಹಾಕಿದರೆ ಮುಗಿಯಿತು. ತೆಳ್ಳಗೆ ಹೆರೆದ ಬಿಳಿ ಕೊಂಬನ್ನು ಬೆಳಕಿಗೆ ಹಿಡಿದರೆ ಒಳಗೆ ಎಷ್ಟು ಮದ್ದು ಉಳಿದಿದೆ ಎಂಬುದೂ ಕಾಣುತ್ತದೆ. ಕಬ್ಬಿಣವನ್ನು ಮಾತ್ರ ಈ ಕೆಲಸದಿಂದ ದೂರ ಇಡುತ್ತಿದ್ದರು. ಅಳತೆಯ ಕೊಳವೆ ಹಿತ್ತಾಳೆಯದ್ದೋ ಕೊಂಬಿನದ್ದೋ ಬಿದಿರಿನದ್ದೋ ಆಗಿರುತ್ತಿತ್ತು.

ಮೊಘಲರ ಕಾಲದ ಶ್ರೀಮಂತ ಶಿಕಾರಿಗಳ ಸೊಗಸೇ ಬೇರೆ. ಬಟ್ಟಲಿಗೆ ಹಾಕುವ ನಯವಾದ ಚಿಟಿಕೆ ಮದ್ದಿಗಾಗಿ ಅವರು ಆನೆದಂತದಲ್ಲಿ ಪುಟ್ಟ ಬುರುಡೆಗಳನ್ನು ಕೆತ್ತಿಸಿಕೊಂಡರು. ಒಂದು ತುದಿಗೆ ಚಿಗರಿಯ ತಲೆ, ಮೈತುಂಬ ಒಂದನ್ನೊಂದು ಬೆನ್ನಟ್ಟುವ ಮೃಗಗಳು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗಳಲ್ಲಿ ಇಂಥವನ್ನು ನೋಡಬಹುದು. ಯಾವ ಪ್ರಾಣಿಯನ್ನು ಕೊಲ್ಲಲು ಮದ್ದೋ ಅದರದೇ ಮುಖ ಮದ್ದಿನ ಬುರುಡೆಗೆ. ಕುಶಲಕರ್ಮಿಯ ಕೈಗೆ ಶರಣೆನ್ನಬೇಕು, ಶಿಕಾರಿಯ ಅಭಿರುಚಿಯ ಬಗ್ಗೆ ಅಷ್ಟು ಖಚಿತವಾಗಿ ಹೇಳಲಾಗದು.

ಹತ್ತೊಂಬತ್ತನೆಯ ಶತಮಾನದಲ್ಲಿ ಶೆಫೀಲ್ಡಿನ ಜೇಮ್ಸ್ ಡಿಕ್ಸನ್‌ನಂಥ ಕಂಪನಿಗಳು ತಾಮ್ರದ ಬುರುಡೆಗಳನ್ನು ರಾಶಿ ರಾಶಿ ಮಾಡಿ ಮಾರಿದವು. ಇವುಗಳ ಮೂತಿಯೇ ಅಳತೆಯ ಕೊಳವೆ. ಮೂತಿಯ ಬಾಯಿಗೆ ಬೆರಳು ಒತ್ತಿ, ಬುರುಡೆ ತಲೆಕೆಳಗು ಮಾಡಿ, ಸ್ಪ್ರಿಂಗಿನ ಬಾಗಿಲು ಒತ್ತಿ ಬಿಟ್ಟರೆ ಒಂದು ಈಡಿನ ಮದ್ದು ಮೂತಿಯಲ್ಲಿ ಉಳಿಯುತ್ತದೆ, ಮಿಕ್ಕದ್ದು ಬಾಗಿಲಾಚೆ. ಮೂತಿಯನ್ನು ಎರಡೂವರೆ, ಎರಡೂಮುಕ್ಕಾಲು, ಮೂರು ಡ್ರಾಮಿಗೆ ಹೊಂದಿಸಲೂ ಬರುತ್ತಿತ್ತು.

ಆದರೂ ಬಲ್ಲವರು ಬುರುಡೆಯಿಂದಾಗಲಿ ಕೊಂಬಿನಿಂದಾಗಲಿ ನೇರವಾಗಿ ನಳಿಗೆಗೆ ಮದ್ದು ಸುರಿಯುತ್ತಿರಲಿಲ್ಲ. ಇಂದಿಗೂ ಬಾಯಿಕೋವಿ ಹಿಡಿಯುವವರಿಗೆ ಕಲಿಸುವ ಮೊದಲ ಪಾಠ ಇದೇ. ಕರಿಮದ್ದು ಉರಿದಾಗ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಗಟ್ಟಿ ಮಸಿಯಾಗಿ ಉಳಿಯುತ್ತದೆ. ಹಿಂದಿನ ಈಡಿನ ತುರುಕಿನ ಚೂರೊಂದು ಆ ಮಸಿಯ ನಡುವೆ ಕೆಂಡವಾಗಿ ಕುಳಿತಿದ್ದರೆ, ಹೊಸದಾಗಿ ಸುರಿದ ಮದ್ದು ಕೂಡಲೇ ಹೊತ್ತಿಕೊಳ್ಳುತ್ತದೆ. ಕೊಳವೆಯಿಂದ ಸುರಿಯುತ್ತಿದ್ದರೆ ಉರಿಯುವುದು ಅರ್ಧ ತೊಲೆ; ಕೈ ಸುಟ್ಟೀತು. ಕೊಂಬಿನಿಂದ ಸುರಿಯುತ್ತಿದ್ದರೆ ಉರಿ ಕೊಂಬಿನೊಳಕ್ಕೆ ಏರುತ್ತದೆ, ಆಗ ಕೈಯಲ್ಲಿರುವುದು ಬಾಂಬು. ಮೊದಲು ಕೊಂಬಿನಿಂದ ಕೊಳವೆಗೆ, ಕೊಂಬಿನ ಬಿರಡೆ ಹಾಕಿ ಹಿಂದಕ್ಕೆ ಸರಿಸಿ, ಆಮೇಲೆ ಕೊಳವೆಯಿಂದ ನಳಿಗೆಗೆ: ಈ ನಡುವಿನ ಒಂದು ಹೆಜ್ಜೆ ಎಷ್ಟೋ ಬೆರಳುಗಳನ್ನು, ಕಣ್ಣುಗಳನ್ನು ಉಳಿಸಿದೆ. ಆ ಮಸಿ ಗಾಳಿಯ ತೇವ ಹೀರಿ ನಳಿಗೆಗೆ ತುಕ್ಕು ಹಿಡಿಸುವುದರಿಂದ ಬೇಟೆ ಮುಗಿದ ದಿನವೇ ಬಿಸಿನೀರು ಹೊಯ್ದು ತೊಳೆಯುವುದೂ ಕಡ್ಡಾಯ.

ಪ್ರತಿ ಸಲ ಅಳೆಯುವ ರೇಜಿಗೆ ಬೇಟೆಗಾರನಿಗೆ ಸಹ್ಯ, ಸೈನಿಕನಿಗೆ ಅಲ್ಲ. ಯುರೋಪಿನ ಹಳೆಯ ಬತ್ತಿಕೋವಿಯ ಸೈನಿಕರು ಒಂದೊಂದು ಈಡಿನ ಮದ್ದು ತುಂಬಿದ ಮರದ ಪುಟ್ಟ ಡಬ್ಬಿಗಳನ್ನು, ಹೆಚ್ಚಾಗಿ ಹನ್ನೆರಡನ್ನು, ಎದೆಯ ಪಟ್ಟಿಗೆ ತೂಗುಹಾಕಿಕೊಂಡು ನಡೆಯುತ್ತಿದ್ದರು. ಏಸುವಿನ ಹನ್ನೆರಡು ಶಿಷ್ಯರ ಹೆಸರನ್ನೇ ಜನ ಅವಕ್ಕೆ ಇಟ್ಟಿದ್ದರು. ಆಮೇಲೆ ಬಂದದ್ದು ಕಾಗದದ ತೋಟಾ: ಅಳೆದ ಮದ್ದು, ಗುಂಡು ಎರಡನ್ನೂ ಕಾಗದದಲ್ಲಿ ಸುತ್ತಿ ಕೊಡುವುದು. ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದು ಸುರಿದು, ಗುಂಡು ಜಡಿದರೆ ನಿಮಿಷಕ್ಕೆ ಮೂರು ಈಡು. ಕಂಪನಿ ಸೈನ್ಯಕ್ಕೆ ಬಂದ ಎನ್‌ಫೀಲ್ಡ್ ಕೋವಿಯ ತೋಟಾದಲ್ಲಿ ಎರಡೂವರೆ ಡ್ರಾಮ್ ಮದ್ದಿತ್ತು, ಹೊರಗೆ ಜಿಡ್ಡು ಸವರಿತ್ತು. ಆ ಜಿಡ್ಡು ದನದ್ದೋ ಹಂದಿಯದ್ದೋ ಎಂಬ ಗುಮಾನಿ 1857ರಲ್ಲಿ ಏನು ಮಾಡಿತೆಂಬುದು ಶಾಲೆಯ ಮಕ್ಕಳಿಗೂ ಗೊತ್ತು.

ಆ ವರ್ಷದ ಉರಿ ಮಲಪ್ರಭೆಯ ಸೀಮೆಗೆ ಬಂದದ್ದು ಬೇರೆ ದಾರಿಯಲ್ಲಿ. ಇಲ್ಲಿನ ಬೇಡರ ಕೈಯಲ್ಲಿದ್ದವು ಬಿಡಿ ಮದ್ದಿನ ಕೋವಿಗಳು. ಬೇಟೆಗೂ ಅದೇ, ಊರ ಕಾವಲಿಗೂ ಅದೇ. ಉತ್ತರದ ದಂಗೆ ಕಂಡು ಬೆದರಿದ ಕಂಪನಿ 1857ರ ಸೆಪ್ಟೆಂಬರಿನಲ್ಲಿ ಆ ವರ್ಷದ 28ನೆಯ ಶಾಸನವನ್ನು ಹೊರಡಿಸಿತು. ಕೋವಿ, ಕತ್ತಿಗಳ ಜೊತೆಗೆ ಮದ್ದುಗುಂಡಿನ ತಯಾರಿಕೆ, ಮಾರಾಟಕ್ಕೂ ಅದು ಕಡಿವಾಣ ಹಾಕಿತು. ಮದ್ದು ತಡೆದರೆ ಕೋವಿ ಬರೀ ಕೊಳವೆ ಎಂಬುದು ಸರಕಾರಕ್ಕೆ ಚೆನ್ನಾಗಿ ತಿಳಿದಿತ್ತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಹತಾರ ಒಪ್ಪಿಸಲು ಒಲ್ಲೆವೆಂದರು. ನವೆಂಬರ್ ಕೊನೆಯಲ್ಲಿ ಮಾಲ್ಕಂ ಮತ್ತು ಕೆರ್ ಎಂಬ ಅಧಿಕಾರಿಗಳ ದಂಡು ಊರಿಗೆ ನುಗ್ಗಿ ಬೆಂಕಿ ಹಚ್ಚಿತು. ಸುಮಾರು ನೂರು ಜನ ಸತ್ತರು, 290 ಜನ ಸೆರೆಯಾದರು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನರನ್ನು, 14ರಂದು ಹಲಗಲಿಯಲ್ಲೇ 6 ಜನರನ್ನು ಗಲ್ಲಿಗೇರಿಸಲಾಯಿತು. ಜನ ಇದನ್ನು ಲಾವಣಿ ಕಟ್ಟಿ ಹಾಡಿದರು. ಗದಗಿನ ಪಕ್ಕದ ಕುರ್ತಕೋಟಿಯ ಕಲ್ಮೇಶನ ಅಂಕಿತವಿರುವ ಆ ಲಾವಣಿಯನ್ನು ಜಾನ್ ಫ್ಲೀಟ್ ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದ.

ಮಾರನೆಯ ವರ್ಷದ ಮೇ ತಿಂಗಳಿನಲ್ಲಿ ಸಿಟ್ಟು ನರಗುಂದಕ್ಕೆ ಹಬ್ಬಿತು. ದತ್ತು ಪಡೆಯಲು ಅನುಮತಿ ನಿರಾಕರಿಸಿದ್ದರಿಂದ ಕುದಿಯುತ್ತಿದ್ದ ಬಾಬಾಸಾಹೇಬ ಭಾಸ್ಕರರಾವ್ ಭಾವೆ ದಂಗೆ ಎದ್ದ. ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ತಲೆ ಬಿತ್ತು. ಜೂನ್ ಮೊದಲ ವಾರದಲ್ಲೇ ಕೋಟೆ ಕಂಪನಿಯ ಕೈಸೇರಿತು, ಜೂನ್ 12ರಂದು ಭಾವೆಯನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಅದೇ ದಿನಗಳಲ್ಲಿ ಮುಂಡರಗಿ ಭೀಮರಾಯ ಮತ್ತು ಹಮ್ಮಿಗಿ ಕೆಂಚನಗೌಡ ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದರು. ಬಯಲುಸೀಮೆಯ ಮನೆಮನೆಯ ಕೋವಿಯ ಕಾಲ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು. 1878ರ ಶಸ್ತ್ರಾಸ್ತ್ರ ಕಾಯ್ದೆ ಉಳಿದದ್ದಕ್ಕೂ ಲೈಸೆನ್ಸಿನ ಬೇಲಿ ಹಾಕಿತು.

ಕೊಡಗಿನ ಕತೆ ಬೇರೆ. ಅಲ್ಲಿಯ ಕೊಡವರಿಗೆ 1861ರಲ್ಲಿ ನಿಶ್ಶಸ್ತ್ರೀಕರಣದಿಂದ ವಿನಾಯಿತಿ ಸಿಕ್ಕಿತು. ಅದೇ ಎಳೆ ಇಂದಿನ ತನಕ ಬಂದಿದೆ: 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೆ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಗೃಹ ಸಚಿವಾಲಯ 2019ರಲ್ಲಿ ಮತ್ತೆ ಹತ್ತು ವರ್ಷ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ವಜಾ ಮಾಡಿತು. ಸೆಪ್ಟೆಂಬರ್ 3ರ ಕೈಲ್ ಪೊಳ್ದ್ ಹಬ್ಬಕ್ಕೆ ಮನೆಯ ಕೋವಿ, ಕತ್ತಿಗಳನ್ನು ತೊಳೆದು ಒರೆಸಿ, ತೋಕ್ ಪೂ ಎಂಬ ಕೆಂಪು ಹಳದಿ ಹೂ ಮುಡಿಸಿ ಪೂಜೆಗಿಡುತ್ತಾರೆ, ತೆಂಗಿನಕಾಯಿಗೆ ಗುರಿಯಿಟ್ಟು ಪಂದ್ಯ ಕಟ್ಟುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಈಡು, ಮನೆಯಲ್ಲಿ ಸಾವಾದರೆ ಎರಡು. ಸುದ್ದಿ ಬೆಟ್ಟದಾಚೆಯ ನಂಟರಿಗೆ ಮುಟ್ಟುತ್ತಿದ್ದ ಬಗೆ ಅದು.

ಮಲೆನಾಡು, ಕರಾವಳಿಗಳಲ್ಲಿ ಇಂದಿಗೂ ಕೇಪಿನ ಕೋವಿ ಬೆಳೆ ರಕ್ಷಣೆಯ ಲೈಸೆನ್ಸಿನಡಿ ಕೆಲವು ಮನೆಗಳಲ್ಲಿದೆ. ಅಡಿಕೆ, ಬಾಳೆ ತೋಟಕ್ಕೆ ಬರುವ ಮಂಗ, ಹಂದಿಗಳನ್ನು ಬೆದರಿಸಲು ಚರೆಯಿಲ್ಲದ ಬರೀ ಮದ್ದಿನ ಈಡು ಸಾಕು. ಬೇಟೆಗಂತೂ ಈಗ ನಮ್ಮ ದೇಶದಲ್ಲಿ ಜಾಗವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದರ ಬಾಗಿಲು ಮುಚ್ಚಿದೆ. ಚಿಗರಿ ಆ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಕೊಂದವರಿಗೆ ಮೂರರಿಂದ ಏಳು ವರ್ಷ ಸೆರೆ. ಹಿಂಡು ಇಳಿದು ಮೊಳಕೆಯ ಕಡಲೆ ಮೇಯುವಾಗ ರೋಣ, ನರಗುಂದದ ರೈತರಿಗೆ ಈ ಕಾಯ್ದೆ ಸಿಹಿಯೇನಲ್ಲ. ಆದರೆ ರಾಣೆಬೆನ್ನೂರಿನಲ್ಲಿ 1974ರಲ್ಲಿ ಅಭಯಾರಣ್ಯ ಮಾಡಬೇಕಾಗಿ ಬಂದದ್ದು ಈ ಪ್ರಾಣಿ ಎಷ್ಟು ಕಡಿಮೆಯಾಗಿತ್ತು ಎಂಬ ಕಾರಣಕ್ಕೇ ಎಂಬುದನ್ನೂ ಮರೆಯುವಂತಿಲ್ಲ.

ಬಿಡಿ ಮದ್ದಿನ ಬೇಟೆ ಕಾನೂನಿನ ಒಳಗೇ ಜೋರಾಗಿ ನಡೆಯುವುದು ಅಮೆರಿಕದಲ್ಲಿ. ಅಲ್ಲಿನ ಹಲವು ರಾಜ್ಯಗಳು ಬಾಯಿಕೋವಿಗೆಂದೇ ಜಿಂಕೆ ಬೇಟೆಯ ಪ್ರತ್ಯೇಕ ದಿನಗಳನ್ನು ಇಟ್ಟಿವೆ. ಪೆನ್ಸಿಲ್ವೇನಿಯಾ ಬೆಣಚುಕಲ್ಲಿನ ಕೋವಿಗೆ 1974ರಿಂದ ಅವಕಾಶ ಕೊಟ್ಟಿದೆ. ಕರಿಮದ್ದಿನ ಸಾಗಾಟ, ದಾಸ್ತಾನಿಗೆ ನಿಯಮ ಬಿಗಿಯಾದಂತೆ 1976ರಲ್ಲಿ ಪೈರೊಡೆಕ್ಸ್ ಎಂಬ ಬದಲಿ ಮದ್ದು ಮಾರುಕಟ್ಟೆಗೆ ಬಂತು. ಅದು ಕರಿಮದ್ದಿಗಿಂತ ಹಗುರ. ಒಂದೇ ಕೊಳವೆಯ ಅಳತೆಗೆ ಒಂದೇ ಬಲ ಕೊಡುವಂತೆ ಅದನ್ನು ಹದಗೊಳಿಸಿದ್ದಾರೆ. ಹಾಗಾಗಿ ‘100 ಗ್ರೇನ್’ ಎಂದು ಗೀರಿಟ್ಟ ಕೊಳವೆಯಲ್ಲಿ ಅಳೆದರೆ ಸರಿ, ಅದೇ 100 ಗ್ರೇನನ್ನು ತಕ್ಕಡಿಯಲ್ಲಿ ತೂಗಿ ಹಾಕಿದರೆ ಈಡು ಅಪಾಯದ ಮಟ್ಟಕ್ಕೆ ಏರುತ್ತದೆ. ತಕ್ಕಡಿಯೇ ಹೆಚ್ಚು ಕರಾರುವಾಕ್ಕು ಎಂದು ನಂಬಿದವರು ಮೋಸ ಹೋಗುವ ಅಪರೂಪದ ಜಾಗವಿದು. ಈಗ ಗುಳಿಗೆಯ ರೂಪದ ಮದ್ದೂ ಸಿಗುತ್ತದೆ: 50 ಗ್ರೇನಿನ ಎರಡು ಗುಳಿಗೆ ಬೀಳಿಸಿದರೆ ಒಂದು ಈಡು. ಕೊಂಬೂ ಬೇಡ, ಕೊಳವೆಯೂ ಬೇಡ. ಹಳೆಯ ಪದ್ಧತಿಯ ಅಭಿಮಾನಿಗಳು ಇದನ್ನು ಬೇಟೆಯೆಂದು ಒಪ್ಪುವುದಿಲ್ಲ.

ಕರಿಮದ್ದಿನ ಇನ್ನೊಂದು ಗುಣವನ್ನು ನಮ್ಮ ಕಡೆಯವರು ತಿಳಿದಿರುವುದು ಒಳ್ಳೆಯದು. ಒಣಗಿದ್ದರೆ ಅದಕ್ಕೆ ವಯಸ್ಸಾಗುವುದಿಲ್ಲ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಾಳು ಬಾವಿಯೊಂದರಿಂದ ಪುರಾತತ್ವ ಇಲಾಖೆಯವರು ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳನ್ನು ತೆಗೆದರು, ಟಿಪ್ಪುವಿನ ಕಾಲದವು. ಸುಳಿವು ಕೊಟ್ಟದ್ದು ಅಲ್ಲಿಯ ಮಣ್ಣಿಗಿದ್ದ ಮದ್ದಿನ ವಾಸನೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಎಷ್ಟೋ ಕಾಲದಿಂದ ಇದ್ದ ಹದಿನೆಂಟನೆಯ ಶತಮಾನದ ತೋಪನ್ನು 2013ರ ಜನವರಿಯಲ್ಲಿ ಸ್ವಚ್ಛ ಮಾಡಲು ಹೋದವರಿಗೆ ಒಳಗೆ ಗುಂಡಿನ ಜೊತೆ ಮುಕ್ಕಾಲು ಕಿಲೋಗೂ ಹೆಚ್ಚು ಮದ್ದು ಸಿಕ್ಕಿತು, ಉರಿಯುವ ಸ್ಥಿತಿಯಲ್ಲೇ. ಪೊಲೀಸರು ಬಂದು ಒಯ್ದರು.

ಗದಗ, ಧಾರವಾಡ ಸೀಮೆಯ ಹಳೆಯ ವಾಡೆಗಳಲ್ಲಿ ಅಜ್ಜನ ಕಾಲದ ಕೋವಿ ಗೋಡೆಗೆ ತೂಗಿದ್ದರೆ, ಅಟ್ಟದಲ್ಲಿ ಬಿದ್ದಿದ್ದರೆ, ಅದು ಖಾಲಿ ಎಂದು ತಿಳಿಯಬಾರದು. ಕೇಪು ಇರಲಿ, ಇಲ್ಲದಿರಲಿ, ಕುದುರೆ ಮುಟ್ಟಬಾರದು. ಬಾಯಿಗೆ ಮುಖ ಕೊಟ್ಟು ಇಣುಕಬಾರದು. ಮಕ್ಕಳ ಕೈಗೆ ಫೋಟೊಕ್ಕೆಂದೂ ಕೊಡಬಾರದು. ತುಂಬಿದೆಯೋ ಇಲ್ಲವೋ ಎಂಬುದನ್ನು ಬಲ್ಲವರು ನೋಡುವುದು ಆ ಹಳೆಯ ಗಜದ ಲೆಕ್ಕದಲ್ಲೇ. ಮರದ ಕಡ್ಡಿಯೊಂದನ್ನು ನಿಧಾನ ಒಳಗಿಳಿಸಿ ಬಾಯಿಯ ಮಟ್ಟಕ್ಕೆ ಗುರುತು ಹಾಕಿ, ಹೊರತೆಗೆದು ನಳಿಗೆಯ ಹೊರಮೈಗೆ ಹಿಡಿದಾಗ ಕಡ್ಡಿಯ ತುದಿ ಬುಡದ ತೊಟ್ಟಿನ ತನಕ ಬಂದರೆ ಖಾಲಿ. ಮೂರು–ನಾಲ್ಕು ಬೆರಳು ಮೊದಲೇ ನಿಂತರೆ ಒಳಗೆ ಯಾರೋ ತುಂಬಿಟ್ಟ ಈಡು ಇನ್ನೂ ಇದೆ. ಅದನ್ನು ಮನೆಯಲ್ಲಿ ಕೆದಕಿ ತೆಗೆಯುವ ಸಾಹಸಕ್ಕೆ ಹೋಗದೆ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಬೇಕು. ಲೈಸೆನ್ಸಿಲ್ಲದ ಕೋವಿಯಾದರೆ ಹೇಗೂ ಅಲ್ಲಿಗೇ ಒಪ್ಪಿಸಬೇಕಾದದ್ದು.